ಕಪ್ಪು ಚೌಕದ ಕಾಲ ಮುಗಿದಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಆಗ್ಮೆಂಟೆಡ್ ರಿಯಾಲಿಟಿ (ಎಆರ್) ಬಗ್ಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕ್ಯಾಮೆರಾದಲ್ಲಿ ಕಾಣುವ ನಿಜದ ದೃಶ್ಯದ ಮೇಲೆ ಕಂಪ್ಯೂಟರ್ ಬಿಡಿಸಿದ ಚಿತ್ರವನ್ನು ಕೂರಿಸುವ ಈ ತಂತ್ರದ ಬಗ್ಗೆ ಕನ್ನಡದಲ್ಲಿ ಇಷ್ಟು ವಿವರವಾಗಿ ಬರೆಯುವವರು ಕಡಿಮೆ. ಅದಕ್ಕಾಗಿ ಲೇಖಕರನ್ನು ಅಭಿನಂದಿಸುತ್ತೇನೆ. ಆದರೆ ಲೇಖನದ ಕೊನೆಗೆ ಬಂದಾಗ ಅವರು, ಚಿತ್ರ ಎಲ್ಲಿ ಕೂರಬೇಕೆಂದು ಕ್ಯಾಮೆರಾಕ್ಕೆ ತೋರಿಸಲು ಕಾಗದದ ಮೇಲೆ ಅಚ್ಚು ಹಾಕಿದ ಕಪ್ಪು-ಬಿಳುಪು ಗುರುತುಗಳ ಕಾಲ ಮುಗಿಯಿತು, ಇನ್ನೇನಿದ್ದರೂ ಗುರುತೇ ಬೇಡದ ಕೃತಕ ಬುದ್ಧಿಮತ್ತೆಯ ಕಾಲ ಎಂದು ತೀರ್ಪು ಕೊಟ್ಟುಬಿಟ್ಟಿದ್ದಾರೆ. ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾದ, ಸೇವೆಯ ಕೊನೆಯ ವರ್ಷಗಳನ್ನೆಲ್ಲ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಇವೇ ಗುರುತುಗಳೊಂದಿಗೆ ಗುದ್ದಾಡಿ ಕಳೆದ ನನಗೆ ಈ ತೀರ್ಪನ್ನು ಒಪ್ಪಲು ಆಗುತ್ತಿಲ್ಲ. ಗುರುತಿಲ್ಲದ ವಿಧಾನಗಳು ಬಹುಮಟ್ಟಿಗೆ ಅಂದಾಜು ಮಾಡುತ್ತವೆ, ಗುರುತಿರುವ ವಿಧಾನಗಳು ಅಳೆಯುತ್ತವೆ. ಈ ವ್ಯತ್ಯಾಸವನ್ನು ಓದುಗರ ಗಮನಕ್ಕೆ ತರುವುದಕ್ಕಾಗಿ ಈ ಪತ್ರ. ಸ್ವಲ್ಪ ದೀರ್ಘವಾಗಿದೆ, ಕ್ಷಮೆಯಿರಲಿ.

ಈ ಗುರುತಿಗೆ ಇಂಗ್ಲಿಷಿನಲ್ಲಿ ಮಾರ್ಕರ್ ಎನ್ನುತ್ತಾರೆ. ಮಾರ್ಕರ್ ಎಂದೊಡನೆ ನಮ್ಮ ತರಗತಿಗಳಲ್ಲಿ ಬಿಳಿ ಹಲಗೆಯ ಮೇಲೆ ಬರೆಯುವ ಪೆನ್ನು ಎಂದೇ ಅರ್ಥ. ನಾಳೆ ಮಾರ್ಕರ್ ತೆಗೆದುಕೊಂಡು ಬನ್ನಿ ಎಂದು ನಾನು ಹೇಳಿದಾಗ ಒಬ್ಬ ಹುಡುಗ ನಾಲ್ಕು ಬಣ್ಣದ ಪೆನ್ನುಗಳನ್ನು ತಂದು ಮೇಜಿನ ಮೇಲಿಟ್ಟಿದ್ದ. ಇಲ್ಲಿ ಮಾರ್ಕರ್ ಎಂದರೆ ದಪ್ಪ ಕಪ್ಪು ಅಂಚಿರುವ, ಒಳಗೆ ಕಪ್ಪು-ಬಿಳಿ ಮನೆಗಳಿರುವ ಒಂದು ಚೌಕ. ಸೋನಿ ಸಂಸ್ಥೆಯ ಪ್ರಯೋಗಾಲಯದಲ್ಲಿ ಜುನ್ ರೆಕಿಮೊಟೊ ಅವರು 1990ರ ದಶಕದಲ್ಲೇ ಇಂಥ ಚೌಕಗಳನ್ನು ಬಳಸಿದ್ದರು. ಆದರೆ ಅದು ಜಗತ್ತಿನ ಎಲ್ಲ ಕಾಲೇಜು ಪ್ರಯೋಗಾಲಯಗಳಿಗೆ ಹರಡಿದ್ದು 1999ರ ನಂತರ. ಆ ವರ್ಷ ಹಿರೊಕಾಜು ಕಾಟೊ ಮತ್ತು ಮಾರ್ಕ್ ಬಿಲ್ಲಿಂಗ್‌ಹರ್ಸ್ಟ್ ಅವರು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಹೊರತಂದ ಕೆಲಸವೇ ಎಆರ್‌ಟೂಲ್‌ಕಿಟ್ ಎಂಬ ತಂತ್ರಾಂಶವಾಗಿ, ಯಾರು ಬೇಕಾದರೂ ತೆಗೆದುಕೊಂಡು ತಿದ್ದಬಹುದಾದ ರೂಪದಲ್ಲಿ ಎಲ್ಲರ ಕೈಗೆ ಸಿಕ್ಕಿತು. ಅದು ಮಾಡುತ್ತಿದ್ದ ಕೆಲಸ ಕೇಳಲು ಸರಳ. ಕ್ಯಾಮೆರಾ ಕೊಟ್ಟ ಚಿತ್ರವನ್ನು ಮೊದಲು ಬರೀ ಕಪ್ಪು ಮತ್ತು ಬಿಳಿಯಾಗಿ ಒಡೆಯುವುದು, ಅದರಲ್ಲಿ ಮುಚ್ಚಿದ ಗೆರೆಗಳನ್ನು ಹುಡುಕುವುದು, ನಾಲ್ಕು ನೇರ ಬದಿಗಳಿರುವವನ್ನು ಮಾತ್ರ ಉಳಿಸಿಕೊಳ್ಳುವುದು, ಒಳಗಿನ ಚಿತ್ತಾರವನ್ನು ನೋಡಿ ಅದು ಯಾವ ಗುರುತೆಂದು ತಿಳಿಯುವುದು, ಕೊನೆಗೆ ನಾಲ್ಕು ಮೂಲೆಗಳು ಚಿತ್ರದಲ್ಲಿ ಎಲ್ಲೆಲ್ಲಿ ಬಿದ್ದಿವೆ ಎಂಬುದರಿಂದ ಆ ಕಾಗದ ಕ್ಯಾಮೆರಾದಿಂದ ಎಷ್ಟು ದೂರದಲ್ಲಿ, ಯಾವ ಕಡೆಗೆ ವಾಲಿಕೊಂಡಿದೆ ಎಂದು ಲೆಕ್ಕ ಹಾಕುವುದು.

ಈ ಲೆಕ್ಕದ ಬೇರು ಕಂಪ್ಯೂಟರಿಗಿಂತ ಬಹಳ ಹಳೆಯದು. ಗೊತ್ತಿರುವ ಮೂರು ಬಾಂದುಕಲ್ಲುಗಳು ಕಣ್ಣಿಗೆ ಕಂಡರೆ ಭೂಮಾಪಕರು ತಾವು ನಿಂತ ಜಾಗವನ್ನು ನಕ್ಷೆಯ ಮೇಲೆ ಗುರುತಿಸಬಲ್ಲರು. ಎತ್ತರವೂ ಸೇರಿ ಮೂರು ಆಯಾಮಗಳಲ್ಲಿ ಎಲ್ಲೋ ಇರುವ ನೋಡುಗನಿಗೆ ಇದೇ ಪ್ರಶ್ನೆಯನ್ನು ಕೇಳಿದರೆ ಉತ್ತರವೇನು ಎಂಬುದನ್ನು ಜರ್ಮನಿಯ ಗಣಿತಜ್ಞ ಗ್ರುನೆರ್ಟ್ 1841ರಲ್ಲಿಯೇ ಬಿಡಿಸಿದ್ದರು. ಮೂರು ಬಿಂದುಗಳಿಂದ ಉತ್ತರ ಸಿಗುತ್ತದೆ, ಆದರೆ ಒಂದಲ್ಲ, ನಾಲ್ಕರವರೆಗೂ ಉತ್ತರಗಳು ಬರಬಹುದು. ನಾಲ್ಕನೆಯ ಬಿಂದುವೊಂದಿದ್ದರೆ ಅವುಗಳಲ್ಲಿ ಸರಿಯಾದದ್ದನ್ನು ಆರಿಸಬಹುದು. ಗುರುತು ತ್ರಿಕೋನವಾಗದೆ ಚೌಕವಾದದ್ದು ಚೆಂದಕ್ಕಾಗಿ ಅಲ್ಲ. ವಸ್ತುವೊಂದರ ಸ್ಥಾನಕ್ಕೆ ಮೂರು ಸಂಖ್ಯೆಗಳು, ಅದರ ವಾಲುವಿಕೆಗೆ ಮೂರು ಸಂಖ್ಯೆಗಳು, ಒಟ್ಟು ಆರು ಬೇಕು. ಚೌಕದ ಪ್ರತಿ ಮೂಲೆಯೂ ಚಿತ್ರದಲ್ಲಿ ಅಡ್ಡಕ್ಕೊಂದು ಉದ್ದಕ್ಕೊಂದರಂತೆ ಎರಡು ಸಂಖ್ಯೆ ಕೊಟ್ಟರೆ ನಾಲ್ಕು ಮೂಲೆಗಳಿಂದ ಎಂಟು ಸಿಗುತ್ತವೆ. ಬೇಕಾದದ್ದಕ್ಕಿಂತ ಎರಡು ಹೆಚ್ಚು. ಆ ಹೆಚ್ಚಿನ ಎರಡೇ ತಪ್ಪನ್ನು ಹಿಡಿಯುವ ಸಾಕ್ಷಿಗಳು.

ಆದರೆ ಇವುಗಳಲ್ಲಿ ಸ್ಥಾನದ ಮೂರು ಸಂಖ್ಯೆಗಳು ಮಿಲಿಮೀಟರಿನಲ್ಲಿ ಸಿಗಬೇಕಾದರೆ ಕಂಪ್ಯೂಟರಿಗೆ ಮುಂಚಿತವಾಗಿ ಒಂದು ಸಂಗತಿಯನ್ನು ಹೇಳಿರಬೇಕು: ಚೌಕದ ಬದಿ ಎಷ್ಟು ಉದ್ದ? ನನ್ನ ತಕರಾರಿನ ಮೂಲ ಇಲ್ಲೇ ಇದೆ. ಒಂದೇ ಕಣ್ಣಿನ ಕ್ಯಾಮೆರಾಕ್ಕೆ ಅಂಗೈ ಮೇಲಿನ ಆಟಿಕೆ ಬಸ್ಸೂ ನಿಲ್ದಾಣದ ಆಚೆ ತುದಿಯಲ್ಲಿ ನಿಂತ ಕೆಎಸ್‌ಆರ್‌ಟಿಸಿ ಬಸ್ಸೂ ಒಂದೇ ಗಾತ್ರದಲ್ಲಿ ಕಾಣಬಹುದು. ಎಷ್ಟೇ ಜಾಣ ತಂತ್ರಾಂಶವಾದರೂ ಒಂದು ಸ್ತಬ್ಧ ಚಿತ್ರದಿಂದ ಇವೆರಡನ್ನು ಬೇರ್ಪಡಿಸಬೇಕಾದರೆ ಬಸ್ಸುಗಳು ಸಾಮಾನ್ಯವಾಗಿ ಎಷ್ಟು ದೊಡ್ಡವಿರುತ್ತವೆ ಎಂಬ ಹಳೆಯ ಅನುಭವವನ್ನು ನೆಚ್ಚಬೇಕಾಗುತ್ತದೆ. ಅದು ಅಂದಾಜು. ದೃಶ್ಯದೊಳಗೆ ಗೊತ್ತಿರುವ ಅಳತೆಯ ವಸ್ತುವೊಂದಿದ್ದರೆ ಮಾತ್ರ ಅದು ಅಳತೆಯಾಗುತ್ತದೆ. ಮಾರ್ಕರ್ ಎಂಬುದು ಮೂಲತಃ ಕ್ಯಾಮೆರಾ ತಾನಾಗಿಯೇ ಓದಿಕೊಳ್ಳಬಲ್ಲ ಒಂದು ಅಳತೆಪಟ್ಟಿ.

ಇದು ನನಗೆ ಪುಸ್ತಕದಿಂದ ಮನದಟ್ಟಾದದ್ದಲ್ಲ, ಜೆರಾಕ್ಸ್ ಅಂಗಡಿಯಿಂದ ಆದದ್ದು. ಒಮ್ಮೆ ನನ್ನ ವಿದ್ಯಾರ್ಥಿಗಳ ಗುಂಪೊಂದು ಗೋಡೆಗೆ ಅಂಟಿಸಿದ ಗುರುತನ್ನು ನೋಡುತ್ತ ಬಂದು ಅದರಿಂದ ಸರಿಯಾಗಿ ಒಂದು ಮೀಟರ್ ದೂರದಲ್ಲಿ ನಿಲ್ಲುವ ಪುಟ್ಟ ಗಾಡಿಯನ್ನು ಕಟ್ಟಿತ್ತು. ಗಾಡಿ ಪ್ರತಿ ಸಲವೂ ನಿಲ್ಲುತ್ತಿತ್ತು, ಆದರೆ ಒಂದು ಮೀಟರಿನಲ್ಲಲ್ಲ, 96 ಸೆಂಟಿಮೀಟರಿನಲ್ಲಿ. ಬ್ರೇಕ್ ತಡವಾಗುತ್ತಿದೆಯೆಂದು ಮೋಟಾರ್ ಬದಲಿಸಿದರು, ಚಕ್ರ ಜಾರುತ್ತಿದೆಯೆಂದು ರಬ್ಬರ್ ಸುತ್ತಿದರು, ಎರಡು ದಿನ ಪ್ರೋಗ್ರಾಮಿನ ಸಾಲು ಸಾಲು ಓದಿದರು. ಮೂರನೆಯ ದಿನ ಒಬ್ಬಳು ಸುಮ್ಮನೆ ಸ್ಕೇಲ್ ತೆಗೆದು ಗೋಡೆಯ ಮೇಲಿನ ಚೌಕವನ್ನೇ ಅಳೆದಳು. 50 ಮಿಲಿಮೀಟರ್ ಇರಬೇಕಾದ ಬದಿ 48 ಇತ್ತು. ಅಂಗಡಿಯವರು ಮುದ್ರಿಸುವಾಗ ಪುಟಕ್ಕೆ ಹೊಂದಿಸುವ ಆಯ್ಕೆಯನ್ನು ಒತ್ತಿದ್ದರು. ಯಂತ್ರ ಇಡೀ ಹಾಳೆಯನ್ನು ನೂರಕ್ಕೆ ನಾಲ್ಕರಷ್ಟು ಕುಗ್ಗಿಸಿತ್ತು. ಚೌಕ ಚಿಕ್ಕದಾಗಿ ಕಂಡದ್ದರಿಂದ ಅದು ಇನ್ನೂ ದೂರದಲ್ಲಿದೆ ಎಂದು ತಿಳಿದ ಗಾಡಿ ಲೆಕ್ಕದ ಪ್ರಕಾರ ಸರಿಯಾಗಿಯೇ ಮುಂದೆ ಬರುತ್ತಿತ್ತು. ಅಂದಿನಿಂದ ನಮ್ಮ ಪ್ರಯೋಗಾಲಯದ ಬಾಗಿಲಲ್ಲಿ, ಹಾಳೆ ತಂದವರು ಮೊದಲು ಸ್ಕೇಲ್ ಇಟ್ಟು ನೋಡಿ ಎಂಬ ಚೀಟಿ ಅಂಟಿಕೊಂಡಿತು.

ಗುರುತು ಮಾಡುವುದರಲ್ಲಿಯೂ ಒಂದು ಕುಶಲತೆಯಿದೆ. ಲೇಖನದಲ್ಲಿ ಅದರ ಪ್ರಸ್ತಾಪ ಬರಲಿಲ್ಲವಾದ್ದರಿಂದ ಎರಡು ಮಾತು ಸೇರಿಸುತ್ತೇನೆ. ಅಚ್ಚುಕಟ್ಟಿನ ಹುಡುಗಿಯೊಬ್ಬಳು ಚೌಕಗಳನ್ನು ಕಪ್ಪು ಅಂಚಿಗೆ ಸರಿಯಾಗಿ ಕತ್ತರಿಯಿಂದ ಕತ್ತರಿಸಿ ಕಂದು ರೆಕ್ಸಿನ್ ಹೊದಿಸಿದ ಫೈಲಿನ ಮೇಲೆ ಅಂಟಿಸಿದ್ದಳು. ನೋಡಲು ಬಹಳ ಚೆನ್ನಾಗಿತ್ತು, ಕ್ಯಾಮೆರಾಕ್ಕೆ ಮಾತ್ರ ಒಂದೂ ಕಾಣಲಿಲ್ಲ. ಕಪ್ಪು ಅಂಚಿನ ಹೊರಗೆ ಬಿಳಿ ಜಾಗ ಉಳಿದಿದ್ದರೆ ತಾನೇ ಅಂಚು ಎಲ್ಲಿ ಮುಗಿಯಿತೆಂದು ಗೊತ್ತಾಗುವುದು? ಗುರುತಿನ ಸುತ್ತಲಿನ ಖಾಲಿ ಬಿಳಿಯೂ ಗುರುತಿನ ಭಾಗವೇ. ಇನ್ನೊಂದು ತಂಡ ಹಾಳೆ ಹಾಳಾಗಬಾರದೆಂದು ಲ್ಯಾಮಿನೇಷನ್ ಮಾಡಿಸಿತು. ಮೇಲಿನ ಟ್ಯೂಬ್‌ಲೈಟ್ ಅದರಲ್ಲಿ ಪ್ರತಿಫಲಿಸಿ ಕಪ್ಪು ಮನೆಗಳೇ ಬೆಳ್ಳಗಾದವು. ಹೊಳಪಿಲ್ಲದ ಸಾದಾ ಕಾಗದಕ್ಕೆ ಸಮನಾದದ್ದು ಇನ್ನೂ ನನಗೆ ಸಿಕ್ಕಿಲ್ಲ.

ಒಳಗಿನ ಚಿತ್ತಾರದ ಕಥೆ ಇನ್ನೂ ಸ್ವಾರಸ್ಯಕರ. ಎಆರ್‌ಟೂಲ್‌ಕಿಟ್‌ನಲ್ಲಿ ಚೌಕದೊಳಗೆ ಯಾವ ಚಿತ್ರವನ್ನಾದರೂ ಇಡಬಹುದಿತ್ತು, ತಂತ್ರಾಂಶ ಅದನ್ನು ತನ್ನಲ್ಲಿರುವ ಮಾದರಿಗಳೊಂದಿಗೆ ಹೋಲಿಸಿ ನೋಡುತ್ತಿತ್ತು. ಮಾದರಿಗಳು ಹೆಚ್ಚಾದಂತೆ ಒಂದನ್ನು ಇನ್ನೊಂದೆಂದು ತಿಳಿಯುವ ತಪ್ಪೂ ಹೆಚ್ಚಿತು. ಆದ್ದರಿಂದ ಮುಂದೆ ಬಂದವರು ಚಿತ್ರವನ್ನು ಬಿಟ್ಟು ಸೊನ್ನೆ-ಒಂದುಗಳ ಸಂಕೇತಕ್ಕೆ ಹೋದರು. ಕೆನಡಾದಲ್ಲಿ ಮಾರ್ಕ್ ಫಿಯಾಲಾ ಅವರ ಎಆರ್‌ಟ್ಯಾಗ್, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಎಡ್ವಿನ್ ಓಲ್ಸನ್ ಅವರು 2011ರಲ್ಲಿ ಪ್ರಕಟಿಸಿದ ಏಪ್ರಿಲ್‌ಟ್ಯಾಗ್, ಸ್ಪೇನಿನ ಕೊರ್ಡೊಬಾ ವಿಶ್ವವಿದ್ಯಾಲಯದವರು 2014ರಲ್ಲಿ ವಿವರಿಸಿದ ಅರುಕೊ ಎಲ್ಲವೂ ಈ ಸಾಲಿನವು. ಏಪ್ರಿಲ್‌ಟ್ಯಾಗ್‌ನ ಹೆಚ್ಚು ಬಳಕೆಯ ಒಂದು ಬಗೆಯಲ್ಲಿ 36 ಮನೆಗಳಿವೆ. ಪ್ರತಿ ಮನೆ ಕಪ್ಪು ಅಥವಾ ಬಿಳಿ ಎಂದರೆ ಸುಮಾರು 6,870 ಕೋಟಿ ಚಿತ್ತಾರಗಳು ಸಾಧ್ಯ. ಅಷ್ಟರಲ್ಲಿ ಬಳಕೆಗೆ ಆರಿಸಿಕೊಂಡದ್ದು ಕೇವಲ 587. ಯಾವ ಎರಡನ್ನು ತೆಗೆದುಕೊಂಡು ಹೇಗೆ ತಿರುಗಿಸಿ ಹೋಲಿಸಿದರೂ ಕನಿಷ್ಠ 11 ಮನೆಗಳಲ್ಲಿ ಅವು ಬೇರೆ ಇರಬೇಕೆಂಬುದು ಆಯ್ಕೆಯ ಕಟ್ಟುನಿಟ್ಟು. ಹಾಗಾಗಿ ನೆರಳು ಬಿದ್ದೋ ಕೊಳೆ ಮೆತ್ತಿಯೋ ಐದು ಮನೆಗಳನ್ನು ತಪ್ಪಾಗಿ ಓದಿದರೂ ಅದು ಯಾವ ಗುರುತೆಂದು ಸರಿಪಡಿಸಿಕೊಳ್ಳಬಹುದು. ಕೋಟಿಗಟ್ಟಲೆಯಲ್ಲಿ 587ನ್ನು ಮಾತ್ರ ಉಳಿಸಿಕೊಂಡ ಈ ಜಿಪುಣತನದಲ್ಲಿ ಎಂಜಿನಿಯರಿಂಗಿನ ಸೊಗಸನ್ನು ಕಂಡವನು ನಾನು.

ಲೇಖಕರು ಒಂದು ಕಡೆ ಇವನ್ನೂ ಕ್ಯೂಆರ್ ಕೋಡನ್ನೂ ಒಂದೇ ಎಂಬಂತೆ ಬರೆದಿದ್ದಾರೆ. ಎರಡೂ ಸೋದರಸಂಬಂಧಿಗಳು ಹೌದು, ಒಂದೇ ಅಲ್ಲ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆಯಲ್ಲಿ ಮಸಾಹಿರೊ ಹಾರಾ ಅವರ ತಂಡ ವಾಹನ ಬಿಡಿಭಾಗಗಳ ಲೆಕ್ಕಕ್ಕಾಗಿ ರೂಪಿಸಿದ ಕ್ಯೂಆರ್ ಕೋಡಿನ ಉದ್ದೇಶ ಹೆಚ್ಚು ಮಾಹಿತಿ ತುಂಬುವುದು. ಸಾಮಾನ್ಯ ಕ್ಯೂಆರ್ ಕೋಡಿನ ಅತಿ ಚಿಕ್ಕ ಬಗೆಯಲ್ಲಿಯೂ ಸಾಲಿಗೆ 21 ಮನೆಗಳಿರುತ್ತವೆ. ಅರುಕೊ ಗುರುತಿನ ಚಿಕ್ಕ ಬಗೆಯಲ್ಲಿ ಅಂಚೂ ಸೇರಿ ಸಾಲಿಗೆ ಆರೇ ಮನೆ. ಒಂದೇ ಅಳತೆಯ ಕಾಗದದಲ್ಲಿ ಅರುಕೊದ ಒಂದು ಮನೆ ಕ್ಯೂಆರ್‌ನ ಮನೆಗಿಂತ ಮೂರೂವರೆ ಪಟ್ಟು ಅಗಲವಾಗಿರುವುದರಿಂದ ಅದನ್ನು ಅಷ್ಟೇ ಹೆಚ್ಚು ದೂರದಿಂದ ಓದಬಹುದು. ಅಂಗಡಿಯಲ್ಲಿ ಹಣ ಕಟ್ಟಲು ಫೋನನ್ನು ಹತ್ತಿರ ಒಯ್ಯಲು ನಮಗೇನೂ ಬೇಸರವಿಲ್ಲ. ಕೋಣೆಯ ಆಚೆ ಬದಿಯಿಂದ ಸೆಕೆಂಡಿಗೆ ಮೂವತ್ತು ಸಲ ನೋಡುತ್ತ ಚಲಿಸುವ ಗಾಡಿಗೆ ಆ ಸೌಕರ್ಯವಿಲ್ಲ.

ಗುರುತುಗಳಿಗೆ ದೋಷವೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಅವುಗಳ ದೊಡ್ಡ ದೌರ್ಬಲ್ಯ ವಿಚಿತ್ರವಾದದ್ದು: ಕ್ಯಾಮೆರಾ ಎದುರು ನೇರವಾಗಿ ಹಿಡಿದಾಗಲೇ ವಾಲುವಿಕೆಯ ಲೆಕ್ಕ ಹೆಚ್ಚು ತಪ್ಪುತ್ತದೆ. ಚಿತ್ರದಲ್ಲಿ 100 ಪಿಕ್ಸೆಲ್ ಅಗಲವಿರುವ ಚೌಕವನ್ನು ನೇರ ಸ್ಥಿತಿಯಿಂದ ಐದು ಡಿಗ್ರಿ ವಾಲಿಸಿದರೆ ಅದರ ಅಗಲ ಸ್ಥೂಲವಾಗಿ 99.6 ಪಿಕ್ಸೆಲ್ ಆಗುತ್ತದೆ. ಅರ್ಧ ಪಿಕ್ಸೆಲ್ಲಿನಷ್ಟೂ ಬದಲಾವಣೆಯಿಲ್ಲ, ಕ್ಯಾಮೆರಾದ ಸಹಜ ಕಂಪನದಲ್ಲಿ ಅದು ಮುಳುಗಿಹೋಗುತ್ತದೆ. ಅದೇ ಚೌಕ ಮೊದಲೇ 45 ಡಿಗ್ರಿ ವಾಲಿದ್ದು ಇನ್ನೂ ಐದು ಡಿಗ್ರಿ ವಾಲಿದರೆ ಅಗಲ ಆರು ಪಿಕ್ಸೆಲ್ಲಿಗೂ ಹೆಚ್ಚು ಕುಗ್ಗುತ್ತದೆ. ಅಷ್ಟೇ ಅಲ್ಲ, ದೂರದ ಚಿಕ್ಕ ಚೌಕ ಎಡಕ್ಕೆ ವಾಲಿದೆಯೋ ಬಲಕ್ಕೋ ಎಂಬುದಕ್ಕೆ ಎರಡು ಉತ್ತರಗಳೂ ಹೆಚ್ಚುಕಡಿಮೆ ಸಮಾನವಾಗಿ ಹೊಂದುತ್ತವೆ. ಅದರ ಮೇಲೆ ಕೂರಿಸಿದ ಚಿತ್ರ ಆಗ ದೆವ್ವ ಹಿಡಿದಂತೆ ಆ ಕಡೆ ಈ ಕಡೆ ಹೊರಳಾಡುತ್ತದೆ. ಪರಿಹಾರ ಸುಲಭ, ಒಂದರ ಬದಲು ನಾಲ್ಕಾರು ಗುರುತುಗಳನ್ನು ಒಂದು ಹಲಗೆಯ ಮೇಲೆ ಅಂಟಿಸುವುದು. ಎರಡನೆಯ ದೌರ್ಬಲ್ಯ ವೇಗ. ಸೆಕೆಂಡಿನ ಮೂವತ್ತನೆಯ ಒಂದು ಭಾಗ ತೆರೆದಿರುವ ಕ್ಯಾಮೆರಾದ ಮುಂದೆ ಗುರುತು ಹಿಡಿದ ಕೈಯನ್ನು ಸೆಕೆಂಡಿಗೆ ಒಂದು ಮೀಟರಿನಂತೆ ಬೀಸಿದರೆ ಚಿತ್ರ ತೆಗೆಯುವಷ್ಟರಲ್ಲಿ ಗುರುತು 33 ಮಿಲಿಮೀಟರ್ ಸರಿದಿರುತ್ತದೆ. ಐದು ಸೆಂಟಿಮೀಟರಿನ ಚೌಕ ಅಲ್ಲಿಗೆ ಬರೀ ಬೂದು ಮಸುಕು.

ಚಲನೆಯನ್ನೇ ಅಳೆಯಬೇಕಾದವರು ಚೌಕದ ಬದಲು ಚುಕ್ಕಿಯನ್ನು ನೆಚ್ಚುವುದು ಈ ಕಾರಣಕ್ಕೆ. ಅದರ ಚರಿತ್ರೆ 1880ರ ದಶಕದ ಪ್ಯಾರಿಸ್‌ನಿಂದ ಶುರುವಾಗುತ್ತದೆ. ಶರೀರಶಾಸ್ತ್ರಜ್ಞ ಎತಿಯೆನ್-ಜೂಲ್ ಮರೇ ಅವರು ಮನುಷ್ಯನಿಗೆ ಮೈಪೂರ ಕಪ್ಪು ಉಡುಪು ತೊಡಿಸಿ, ಕೈಕಾಲುಗಳ ಉದ್ದಕ್ಕೆ ಹೊಳೆಯುವ ಪಟ್ಟಿ ಹೊಲಿಸಿ, ಕಪ್ಪು ಹಿನ್ನೆಲೆಯ ಮುಂದೆ ನಡೆಸಿ, ಒಂದೇ ಗಾಜಿನ ಫಲಕದ ಮೇಲೆ ಮತ್ತೆ ಮತ್ತೆ ಬೆಳಕು ಬೀಳಿಸಿ ತೆಗೆದ ಚಿತ್ರಗಳಲ್ಲಿ ಮನುಷ್ಯ ಮಾಯವಾಗಿ ನಡಿಗೆ ಮಾತ್ರ ಗೆರೆಗಳಾಗಿ ಉಳಿಯಿತು. 1973ರಲ್ಲಿ ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೋಹಾನ್ಸನ್ ಅವರು ಕೀಲುಗಳ ಜಾಗದಲ್ಲಿ ಹತ್ತು-ಹನ್ನೆರಡು ಬೆಳಕಿನ ಬಿಂದುಗಳನ್ನು ಮಾತ್ರ ಕತ್ತಲಲ್ಲಿ ತೋರಿಸಿದರು. ನಿಂತಾಗ ಅದು ಅರ್ಥವಿಲ್ಲದ ಚುಕ್ಕಿಗಳ ರಾಶಿ. ಹೆಜ್ಜೆ ಇಟ್ಟ ಕೂಡಲೇ ನೋಡಿದವರೆಲ್ಲ ಯಾರೋ ನಡೆಯುತ್ತಿದ್ದಾರೆ ಎಂದು ಗುರುತಿಸಿದರು. ಚುಕ್ಕಿ ಇಟ್ಟು ಗೆರೆ ಎಳೆಯುವುದನ್ನು ನಿತ್ಯ ಹೊಸಿಲ ಮುಂದೆ ನೋಡುವ ನಮಗೆ ಇದು ಅಷ್ಟೇನೂ ಆಶ್ಚರ್ಯವಾಗಬೇಕಿಲ್ಲ.

ಇಂದಿನ ನಡಿಗೆ ಪರೀಕ್ಷಾ ಪ್ರಯೋಗಾಲಯಗಳಲ್ಲಿಯೂ ಸಿನಿಮಾ ಗ್ರಾಫಿಕ್ಸ್ ಸ್ಟುಡಿಯೋಗಳಲ್ಲಿಯೂ ಬಳಸುವುದು ಗೋಲಿ ಗಾತ್ರದ ಗುಂಡುಗಳನ್ನು. ರಾತ್ರಿ ಹೆದ್ದಾರಿಯಲ್ಲಿ ಲಾರಿಯ ಹಿಂಬದಿಯ ಪಟ್ಟಿ ನಮ್ಮ ಗಾಡಿಯ ಬೆಳಕನ್ನು ನಮ್ಮ ಕಣ್ಣಿಗೇ ಹಿಂತಿರುಗಿಸುತ್ತದಲ್ಲ, ಅದೇ ಬಗೆಯ ಹೊದಿಕೆ ಈ ಗುಂಡುಗಳ ಮೇಲಿರುತ್ತದೆ. ಪ್ರತಿ ಕ್ಯಾಮೆರಾದ ಮಸೂರದ ಸುತ್ತ ನಮ್ಮ ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ದೀಪಗಳ ಬಳೆಯಿರುವುದರಿಂದ ಕ್ಯಾಮೆರಾಕ್ಕೆ ಕಾಣುವುದು ಕಪ್ಪಿನ ಮೇಲೆ ಬಿಳಿ ಚುಕ್ಕಿಗಳು ಮಾತ್ರ. ದೀಪ ಮಿಂಚಿ ಮರೆಯಾಗುವ ಕ್ಷಣದಲ್ಲಿ ಚಿತ್ರ ತೆಗೆಯುವುದರಿಂದ ಮಸುಕಿಲ್ಲ. ಗುಂಡನ್ನು ಯಾವ ಕಡೆಯಿಂದ ನೋಡಿದರೂ ವೃತ್ತವೇ ಆದ್ದರಿಂದ ಅದರ ಕೇಂದ್ರವನ್ನು ಒಂದು ಪಿಕ್ಸೆಲ್ಲಿಗಿಂತ ಸೂಕ್ಷ್ಮವಾಗಿ ಹೇಳಬಹುದು. ಆದರೆ ಗುಂಡಿಗೆ ಹೆಸರಿಲ್ಲ. ಇದು ಮೊಣಕಾಲಿನದೋ ಮೊಣಕೈಯದೋ ಎಂದು ಎರಡು ಮೂರು ಕ್ಯಾಮೆರಾಗಳು ಸೇರಿ, ಹಿಂದಿನ ಕ್ಷಣ ಯಾವುದು ಎಲ್ಲಿತ್ತು ಎಂಬುದನ್ನು ನೋಡಿ ತೀರ್ಮಾನಿಸಬೇಕು. ಚರ್ಮದ ಮೇಲೆ ಅಂಟಿಸಿದ ಗುಂಡು ಮೂಳೆಯ ಮೇಲಿಲ್ಲ ಎಂಬುದು ಇನ್ನೊಂದು ತೊಡಕು; ತೊಡೆಯ ಭಾಗದಲ್ಲಿ ಹೆಜ್ಜೆಗೊಮ್ಮೆ ಚರ್ಮ ಮೂಳೆಯಿಂದ ಸೆಂಟಿಮೀಟರಿನ ಲೆಕ್ಕದಲ್ಲಿ ಸರಿಯುವುದುಂಟು.

ಆಟದ ಯಂತ್ರಗಳವರು ಇದನ್ನೇ ಅಗ್ಗಗೊಳಿಸಿದರು. 2006ರ ನಿಂಟೆಂಡೊ ವೀ ಯಂತ್ರದೊಂದಿಗೆ ಟಿವಿಯ ಮೇಲಿಡಲು ಬರುತ್ತಿದ್ದ ಸೆನ್ಸರ್ ಬಾರ್ ಎಂಬ ಪಟ್ಟಿಯಲ್ಲಿ ಸೆನ್ಸರ್ರೇ ಇರಲಿಲ್ಲ. ಅದರ ಎರಡು ತುದಿಗಳಲ್ಲಿ ಅವಕೆಂಪು ದೀಪಗಳಿದ್ದವು, ಅವನ್ನು ನೋಡುವ ಕ್ಯಾಮೆರಾ ಆಟಗಾರನ ಕೈಯಲ್ಲಿದ್ದ ರಿಮೋಟಿನ ಮೂತಿಯಲ್ಲಿತ್ತು. ಪಟ್ಟಿ ಕೆಟ್ಟರೆ ಅದರ ಜಾಗದಲ್ಲಿ ಎರಡು ಮೇಣದ ಬತ್ತಿ ಹಚ್ಚಿಟ್ಟರೂ ಆಟ ನಡೆಯುತ್ತಿತ್ತು. 2010ರಲ್ಲಿ ಸೋನಿ ತಂದ ಮೂವ್ ಎಂಬ ಕೋಲಿನ ತುದಿಯಲ್ಲಿ ಬಣ್ಣ ಬದಲಿಸುವ ಬೆಳಕಿನ ಚೆಂಡಿತ್ತು. ಚೆಂಡಿನ ನಿಜ ಗಾತ್ರ ಗೊತ್ತಿದ್ದದ್ದರಿಂದ ಚಿತ್ರದಲ್ಲಿ ಅದು ಎಷ್ಟು ದೊಡ್ಡದಾಗಿ ಕಂಡಿತೆಂಬುದೇ ದೂರವನ್ನು ಹೇಳುತ್ತಿತ್ತು. ಅದೇ ವರ್ಷ ಬಂದ ಮೈಕ್ರೋಸಾಫ್ಟ್‌ನ ಕೈನೆಕ್ಟ್ ಅನ್ನು ತಮ್ಮ ಲೇಖಕರು ಗುರುತಿಲ್ಲದ ಯುಗದ ಆರಂಭವೆಂದು ಕರೆದಿದ್ದಾರೆ. ಮೈಮೇಲೆ ಏನನ್ನೂ ಅಂಟಿಸುವ ಅಗತ್ಯವಿರಲಿಲ್ಲ, ನಿಜ. ಆದರೆ ಕೈನೆಕ್ಟ್ ಸ್ವತಃ ಸಾವಿರಾರು ಅವಕೆಂಪು ಚುಕ್ಕಿಗಳನ್ನು ಕೋಣೆಯ ತುಂಬ ಚೆಲ್ಲಿ, ಅವು ಎಲ್ಲೆಲ್ಲಿ ಸರಿದಿವೆ ಎಂಬುದರಿಂದ ದೂರ ಅಳೆಯುತ್ತಿತ್ತು. ಗುರುತು ಇಲ್ಲದಿರಲಿಲ್ಲ, ಅದು ಬೆಳಕಿನಲ್ಲಿ ಅಚ್ಚಾಗಿ ಕಣ್ಣಿಗೆ ಕಾಣದಾಗಿತ್ತು ಅಷ್ಟೆ.

ನಿಜವಾಗಿ ಗುರುತಿಲ್ಲದ ವಿಧಾನಗಳು ಬಂದದ್ದು ಆಮೇಲೆ. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಓಪನ್‌ಪೋಸ್ ಸಾಮಾನ್ಯ ಕ್ಯಾಮೆರಾದ ಚಿತ್ರದಲ್ಲಿಯೇ ಹಲವು ಜನರ ಕೀಲುಗಳನ್ನು ಒಟ್ಟಿಗೆ ಹುಡುಕಿ ತೋರಿಸಿದಾಗ ನಾನೂ ಬೆರಗಾದವನೇ. ಆದರೆ ಇಂಥ ತಂತ್ರಾಂಶಗಳು ಕಲಿತದ್ದಾದರೂ ಹೇಗೆ? ಕೊಕೊ ಎಂಬ ಪ್ರಸಿದ್ಧ ಚಿತ್ರಸಂಗ್ರಹದಲ್ಲಿ ಪ್ರತಿ ಮನುಷ್ಯನ ಮೇಲೆ ಕಣ್ಣು, ಭುಜ, ಮೊಣಕಾಲು ಎಂದು 17 ಜಾಗಗಳನ್ನು ಜನರೇ ಕುಳಿತು ಕೈಯಿಂದ ಗುರುತಿಸಿದ್ದಾರೆ. ಮೈಮೇಲಿನ ಚುಕ್ಕಿ ಫೋಟೋದ ಮೇಲಕ್ಕೆ ಹೋಯಿತು. ಆ ಚುಕ್ಕಿಯನ್ನು ಇಟ್ಟವರು ಕೀಲನ್ನು ಮುಟ್ಟಿ ನೋಡಿದವರಲ್ಲ, ಬಟ್ಟೆಯ ಮೇಲಿನಿಂದ ಅಂದಾಜು ಮಾಡಿದವರು. ಕಲಿತ ಯಂತ್ರವೂ ಅದನ್ನೇ ಮಾಡುತ್ತದೆ.

ಇದರ ಅನುಭವ ನನಗೆ ನನ್ನ ಮೊಣಕಾಲಿನಿಂದಲೇ ಆಯಿತು. ಮೊಣಕಾಲ ಶಸ್ತ್ರಚಿಕಿತ್ಸೆಯ ನಂತರ ಮನೆಯಲ್ಲಿ ವ್ಯಾಯಾಮ ಮಾಡುವಾಗ ಕಾಲು ಎಷ್ಟು ಮಡಿಯುತ್ತಿದೆ ಎಂದು ಫೋನಿನ ಕ್ಯಾಮೆರಾದಿಂದ ಅಳೆಯುವ ಆ್ಯಪ್ ಒಂದನ್ನು ಬಳಸಲು ಸಲಹೆ ಬಂತು. ಪಂಚೆ ಉಟ್ಟು ಕುಳಿತು ಅಳೆದ ದಿನ 104 ಡಿಗ್ರಿ ತೋರಿಸಿತು. ಮರುದಿನ ಪಂಚೆಯನ್ನು ಮೇಲಕ್ಕೆ ಕಟ್ಟಿ ಅಳೆದರೆ 91. ಒಂದು ರಾತ್ರಿಯಲ್ಲಿ ನನ್ನ ಕಾಲು 13 ಡಿಗ್ರಿ ಹಿಂದೆ ಬೀಳಲು ಕಾರಣವಿರಲಿಲ್ಲ. ಬಟ್ಟೆಯ ಮಡಿಕೆಯ ಒಳಗೆ ಮೊಣಕಾಲು ಎಲ್ಲಿರಬಹುದೆಂದು ಆ್ಯಪ್ ತನಗೆ ತೋಚಿದಂತೆ ಊಹಿಸಿತ್ತು, ಮತ್ತು ತಾನು ಊಹಿಸುತ್ತಿದ್ದೇನೆ ಎಂದು ಎಲ್ಲಿಯೂ ಹೇಳಿರಲಿಲ್ಲ. ಕೊನೆಗೆ ಮನೆಯವಳ ಕನ್ನಡಿಯ ಅಂಚಿನಿಂದ ಮೂರು ಸ್ಟಿಕ್ಕರ್ ಬಿಂದಿಗಳನ್ನು ಕಿತ್ತುಕೊಂಡೆ. ಒಂದನ್ನು ಸೊಂಟದ ಪಕ್ಕ ಕೈಗೆ ಸಿಗುವ ಮೂಳೆಯ ಉಬ್ಬಿನ ಮೇಲೆ, ಒಂದನ್ನು ಮೊಣಕಾಲ ಹೊರಬದಿಗೆ, ಒಂದನ್ನು ಹರಡಿನ ಮೂಳೆಯ ಮೇಲೆ ಅಂಟಿಸಿ, ಮಗನನ್ನು ಪಕ್ಕಕ್ಕೆ ನೇರವಾಗಿ ನಿಲ್ಲಿಸಿ ಅವನಿಂದ ಫೋಟೋ ತೆಗೆಸಿ, ಮೂರು ಬಿಂದುಗಳನ್ನು ಸೇರಿಸುವ ಎರಡು ಗೆರೆಗಳ ನಡುವಿನ ಕೋನವನ್ನು ಅಳೆದೆ. ಫಿಸಿಯೋಥೆರಪಿಯವರು ಮುಂದಿನ ಭೇಟಿಯಲ್ಲಿ ತಮ್ಮ ಕೋನಮಾಪಕ ಹಿಡಿದು ಅಳೆದಾಗ ನನ್ನ ಬಿಂದಿಯ ಲೆಕ್ಕಕ್ಕೂ ಅವರದಕ್ಕೂ ಎರಡು ಡಿಗ್ರಿ ವ್ಯತ್ಯಾಸ ಬಂತು. ಅವರು ನಕ್ಕರು, ಆದರೆ ಬಿಂದಿ ಮುಂದುವರಿಸಿ ಎಂದರು.

ಫೋನಿನ ಎಆರ್ ಬಗ್ಗೆಯೂ ಒಂದು ಮಾತು ನ್ಯಾಯವಾಗಿ ಹೇಳಬೇಕು. 2017ರಲ್ಲಿ ಆ್ಯಪಲ್‌ನ ಎಆರ್‌ಕಿಟ್, ಅದರ ಬೆನ್ನಿಗೇ ಗೂಗಲ್‌ನ ಎಆರ್‌ಕೋರ್ ಬಂದ ಮೇಲೆ ಯಾವ ಚೌಕವೂ ಇಲ್ಲದೆ ಮೇಜಿನ ಮೇಲೆ ಕುರ್ಚಿಯ ಚಿತ್ರ ಕೂರಿಸುವುದು ಸಾಧ್ಯವಾಯಿತು. ಇವು ಕೇವಲ ಚಿತ್ರವನ್ನು ನೆಚ್ಚುವುದಿಲ್ಲ. ಫೋನಿನೊಳಗಿನ ವೇಗವರ್ಧನೆ ಮತ್ತು ತಿರುಗುವಿಕೆ ಅಳೆಯುವ ಸೆನ್ಸರ್‌ಗಳ ಲೆಕ್ಕವನ್ನು ಕ್ಯಾಮೆರಾ ಕಂಡದ್ದರ ಜೊತೆ ಬೆಸೆದು ಅಳತೆಯ ಪ್ರಮಾಣವನ್ನು ಪಡೆಯುತ್ತವೆ. ಮನೆಯಲ್ಲಿ ಸೋಫಾ ಹಿಡಿಸುತ್ತದೆಯೇ ಎಂದು ನೋಡಲು ಅಷ್ಟು ಸಾಕು. ಆದರೆ ಹೊಸದಾಗಿ ಸುಣ್ಣ ಬಳಿದ, ಕಲೆಯೂ ಇಲ್ಲದ ಬಿಳಿ ಗೋಡೆಯ ಮುಂದೆ ಹಿಡಿದು ನೋಡಿ, ಹಿಡಿದುಕೊಳ್ಳಲು ಏನೂ ಸಿಗದೆ ಚಿತ್ರ ತೇಲತೊಡಗುತ್ತದೆ. ಆಗ ಗೋಡೆಯ ಮೇಲೊಂದು ಕ್ಯಾಲೆಂಡರ್ ತೂಗುಹಾಕಿದರೆ ಎಲ್ಲ ಸರಿಹೋಗುತ್ತದೆ. ಕ್ಯಾಲೆಂಡರ್ ಆ ಹೊತ್ತಿಗೆ ಮಾಡುವುದು ಮಾರ್ಕರಿನ ಕೆಲಸವನ್ನೇ.

ಹತ್ತಾರು ಲಕ್ಷ ರೂಪಾಯಿ ಬೆಲೆಯ, ಮೆಟ್ಟಿಲು ಹತ್ತಿಳಿಯುವ ಬಾಸ್ಟನ್ ಡೈನಾಮಿಕ್ಸ್‌ನ ಸ್ಪಾಟ್ ಎಂಬ ನಾಲ್ಕು ಕಾಲಿನ ರೋಬೊ ತನ್ನ ಚಾರ್ಜಿಂಗ್ ಪೀಠವನ್ನು ಹುಡುಕಿಕೊಳ್ಳುವುದು ಅಲ್ಲಿ ಅಂಟಿಸಿರುವ ಕಪ್ಪು ಚೌಕವನ್ನು ನೋಡಿಯೇ. ಅಷ್ಟು ದೂರದ ಉದಾಹರಣೆಯೂ ಬೇಡ. 2020ರ ಏಪ್ರಿಲ್ 24ರಂದು ಆರಂಭವಾಗಿ, ಮೊದಲ ಹಂತದಲ್ಲಿಯೇ ನಮ್ಮ ರಾಜ್ಯವನ್ನೂ ಒಳಗೊಂಡ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆ-ನಿವೇಶನಗಳನ್ನು ಡ್ರೋನ್‌ನಿಂದ ಅಳೆಯುತ್ತಾರೆ. ಡ್ರೋನ್ ಹಾರುವ ಮುಂಚೆ ಮಾಡುವ ಕೆಲಸವೇನು? ಪ್ರತಿ ಮನೆಯ ಗಡಿಗೆ ಸುಣ್ಣದ ಗೆರೆ ಎಳೆಯುವುದು. ಎಷ್ಟು ಎತ್ತರದ ಕ್ಯಾಮೆರಾವಾದರೂ ಇದು ನಿಮ್ಮ ಜಾಗ, ಅದು ನೆರೆಯವರದು ಎಂದು ತಾನೇ ಊಹಿಸಲಿ ಎಂದು ಯಾರೂ ಬಿಡಲಿಲ್ಲ. ಆಸ್ತಿಯ ವಿಷಯದಲ್ಲಿ ಊಹೆಗೆ ಜಾಗವಿಲ್ಲವೆಂಬುದು ಹಳ್ಳಿಯ ಪ್ರತಿಯೊಬ್ಬರಿಗೂ ಗೊತ್ತು.

ನನ್ನ ಕೋರಿಕೆ ಎರಡು. ಮೊದಲನೆಯದು ಶಾಲೆಗಳಿಗೆ ಸಂಬಂಧಿಸಿದ್ದು. ಎಆರ್ ಕಲಿಕೆಯ ಹೆಸರಿನಲ್ಲಿ ಕಣ್ಣಿಗೆ ಕಟ್ಟಿಕೊಂಡು ನೋಡುವ ದುಬಾರಿ ಉಪಕರಣಗಳನ್ನು ಶಾಲೆಗಳಿಗೆ ಕೊಡಿಸುವ ಮಾತುಗಳು ಅಲ್ಲಲ್ಲಿ ಕೇಳಿಬರುತ್ತಿವೆ. ಕೊಂಡ ಎರಡನೆಯ ವರ್ಷಕ್ಕೆ ತಂತ್ರಾಂಶದ ಪರವಾನಗಿ ಮುಗಿದು ಅವು ಬೀರುವಿನಲ್ಲಿ ಕೂರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಪಠ್ಯಪುಸ್ತಕಗಳಲ್ಲಿ ಈಗಾಗಲೇ ಕ್ಯೂಆರ್ ಕೋಡ್ ಅಚ್ಚಾಗುತ್ತಿದೆ. ಅದರ ಪಕ್ಕದಲ್ಲಿ ಇನ್ನೊಂದು ಚೌಕಕ್ಕೆ ತಗಲುವುದು ಶಾಯಿಯ ಖರ್ಚು ಮಾತ್ರ. ಅದನ್ನು ಓದುವ ಓಪನ್‌ಸಿವಿ ತಂತ್ರಾಂಶ ಉಚಿತ, ಇಂಟರ್‌ನೆಟ್ ಇಲ್ಲದೆಯೂ ಹಳೆಯ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಮತ್ತು ಅದರೊಳಗಿನ ಲೆಕ್ಕ ಡಿಪ್ಲೊಮಾ ವಿದ್ಯಾರ್ಥಿಗೆ ಅರ್ಥವಾಗುವಷ್ಟು ತೆರೆದದ್ದು. ತ್ರಿಕೋನಮಿತಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಹೊಳೆದಿಲ್ಲ.

ಎರಡನೆಯದು ತಮ್ಮಲ್ಲಿಯೇ. ಮುಂದೆ ಇಂಥ ಲೇಖನಗಳು ಬಂದಾಗ, ಇದು ಎಷ್ಟು ಮಿಲಿಮೀಟರ್ ತಪ್ಪುತ್ತದೆ, ಎಷ್ಟು ಡಿಗ್ರಿ ತಪ್ಪುತ್ತದೆ ಎಂಬ ಒಂದು ಪ್ರಶ್ನೆಯನ್ನು ಲೇಖಕರಿಗೆ ದಯವಿಟ್ಟು ಕೇಳಿರಿ. ಸಾಧ್ಯವಾದರೆ ಈ ಪತ್ರದ ಪಕ್ಕದಲ್ಲಿ ಅರುಕೊ ಗುರುತೊಂದನ್ನು ಅಚ್ಚು ಹಾಕಿ. ಆಸಕ್ತ ವಿದ್ಯಾರ್ಥಿಗಳು ಕತ್ತರಿಸಿಕೊಂಡು ಪ್ರಯೋಗ ಮಾಡಿಯಾರು. ಪತ್ರಿಕೆಯ ಕಾಗದಕ್ಕೆ ಹೊಳಪಿಲ್ಲದಿರುವುದು ಈ ಕೆಲಸಕ್ಕೆ ವರವೇ ಸರಿ. ಬದಿ ಸರಿಯಾಗಿ 50 ಮಿಲಿಮೀಟರ್ ಇರಲಿ, ಪುಟ ಜೋಡಿಸುವವರು ಅಂಕಣದ ಅಗಲಕ್ಕೆ ಹೊಂದಿಸಲು ಅದನ್ನು ಹಿಗ್ಗಿಸದಿರಲಿ, ಸುತ್ತ ಒಂದು ಬೆರಳಗಲ ಬಿಳಿ ಬಿಡಲಿ.

ಇತಿ ತಮ್ಮ ವಿಶ್ವಾಸಿ,
ಪಾಲಿಟೆಕ್ನಿಕ್ ನಿವೃತ್ತ ಉಪನ್ಯಾಸಕ
ಹಾಸನ